ಕ್ಯಾಸೆಟ್ಟಿನ ಕುಡುಕನೂ ಕಟ್ಟೆಯ ಅಭಿಪ್ರಾಯಗಳೂ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮಳೆಗೆ ಬರವುಂಟು, ಅಭಿಪ್ರಾಯಗಳಿಗೆ ಇಲ್ಲ. ಇಂಡಿಯ ಚಹದ ಅಂಗಡಿಯಲ್ಲಾಗಲಿ, ಸಿಂದಗಿಯ ಸಂತೆಯಲ್ಲಾಗಲಿ, ಮುದ್ದೇಬಿಹಾಳದ ಕೋರ್ಟಿನ ಮುಂದಿನ ಬೇವಿನ ನೆರಳಿನಲ್ಲಾಗಲಿ, ಬಸವನ ಬಾಗೇವಾಡಿಯ ಗುಡಿಯ ಕಟ್ಟೆಯ ಮೇಲಾಗಲಿ ಅರ್ಧ ತಾಸು ಕುಳಿತರೆ ಸಾಕು; ಮೊಬೈಲಿನಿಂದ ಮಂತ್ರಿಮಂಡಲದವರೆಗೆ, ಮಂತ್ರಿಮಂಡಲದಿಂದ ಸಿನೇಮಾದವರೆಗೆ ಎಲ್ಲದರ ಮೇಲೂ ತೀರ್ಪು ಹೊರಬೀಳುತ್ತದೆ. ಇವುಗಳಲ್ಲಿ ನಾಟಕದ ಬಗೆಗಿನ ಮಾತು ಬಂದಾಗ ಮೂರು ತೀರ್ಪುಗಳು ತಪ್ಪದೆ ಕೇಳಿಬರುತ್ತವೆ. ಟೀವಿ-ಮೊಬೈಲು ಬಂದು ನಾಟಕ ಸತ್ತಿತು ಎಂಬದು ಮೊದಲನೆಯದು. ಸರಕಾರ ಏನಾದರೂ ಮಾಡಬೇಕು ಎಂಬದು ಎರಡನೆಯದು. ಈಗಿನ ಕಂಪನಿ ನಾಟಕವನ್ನು ಮನೆಮಂದಿಯೆಲ್ಲ ಕೂಡಿ ನೋಡುವಂತಿಲ್ಲ ಎಂಬದು ಮೂರನೆಯದು. ಪಟ್ಟಣದ ಓದುಗರು ಕೂಡ ಈ ಮೂರನ್ನೂ ತಲೆದೂಗಿ ಒಪ್ಪುತ್ತಾರೆ. ಇಷ್ಟು ಸುಲಭವಾಗಿ ಎಲ್ಲರೂ ಒಪ್ಪುವ ಮಾತನ್ನು ತುಸು ಒರೆಗೆ ಹಚ್ಚಿ ನೋಡುವದು ಒಳ್ಳೆಯದು.

ಒರೆಗಲ್ಲಾಗಿ ನಾನು ಒಬ್ಬ ನಟನನ್ನೂ ಒಂದು ನಾಟಕವನ್ನೂ ತೆಗೆದುಕೊಳ್ಳುತ್ತೇನೆ. ನಟರು ರಾಜು ತಾಳಿಕೋಟೆ. ನಾಟಕ 'ಕಲಿಯುಗದ ಕುಡುಕ'. 2025ರ ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಗೆ ಚಿತ್ರೀಕರಣಕ್ಕೆಂದು ಹೋಗಿದ್ದ ಅವರು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಪತ್ರಿಕೆಗಳು ಶ್ರದ್ಧಾಂಜಲಿಯಲ್ಲಿ 'ಹಾಸ್ಯನಟ' ಎಂದು ಬರೆದವು, ಅವರು ನಟಿಸಿದ ಸಿನೇಮಾಗಳ ಯಾದಿ ಕೊಟ್ಟವು, 'ಬಿಗ್ ಬಾಸ್' ಕಾರ್ಯಕ್ರಮದ ಮನೆಯಲ್ಲಿ ಅವರು ಇದ್ದುದನ್ನು ನೆನೆದವು. ನಾಟಕದ ವಿಷಯ ಬಂದದ್ದು ಕೊನೆಯ ಸಾಲುಗಳಲ್ಲಿ. ನಮ್ಮ ಕಡೆಯವರಿಗೆ ಇದು ತಲೆಕೆಳಗಾದ ಲೆಕ್ಕ. ತಾಳಿಕೋಟೆ ಎಂದರೆ ಇತಿಹಾಸದ ಪುಸ್ತಕಗಳಿಗೆ 1565ರ ಯುದ್ಧ. ನಮ್ಮ ಹಳ್ಳಿಗಳಿಗೆ ಮಾತ್ರ ಅದು ನಾಟಕದ ಹೆಸರು. ಮೊನ್ನೆಮೊನ್ನೆಯವರೆಗೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲೂಕಾಗಿರುವ ಈ ಊರಿನಲ್ಲಿ ಖಾಸ್ಗತೇಶ್ವರನ ಹೆಸರು ಹೊತ್ತ ನಾಟ್ಯ ಸಂಘವನ್ನು ನಡೆಸಿದವರು ರಾಜೇಸಾಬರು. ಮುಸಲ್ಮಾನ ಮನೆತನ, ಮಠದಯ್ಯನ ಹೆಸರಿನ ಕಂಪನಿ. ಇದನ್ನು ಒಂದು ವಿಶೇಷವೆಂದು ಅಲ್ಲಿ ಯಾರೂ ಎಣಿಸುವದಿಲ್ಲ. ನಾನು ಬರೆಯುತ್ತಿರುವದೂ ದೂರದ ಓದುಗರಿಗಾಗಿ ಮಾತ್ರ.

ಈಗ ಮೊದಲನೆಯ ತೀರ್ಪು. ಯಂತ್ರ ನಾಟಕವನ್ನು ಕೊಂದಿತೆ? 'ಕಲಿಯುಗದ ಕುಡುಕ'ನನ್ನು ತಂಬುವಿನೊಳಗೆ ಕುಳಿತು ನೋಡಿದವರು ಎಷ್ಟು ಮಂದಿಯೋ, ನೋಡದೆ ಕೇಳಿದವರು ಅದರ ಅನೇಕ ಪಟ್ಟು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಟೇಪು ಅಗ್ಗವಾಯಿತು. ಆ ಕಾಲದಲ್ಲಿ ಈ ನಾಟಕದ ಕ್ಯಾಸೆಟ್ಟು ಚಹದ ಅಂಗಡಿಗಳಲ್ಲಿ, ಟೆಂಪೋಗಳಲ್ಲಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳಲ್ಲಿ, ಮದುವೆಯ ಹಂದರದಲ್ಲಿ ಅಕ್ಷತೆ ಮುಗಿದ ಮೇಲಿನ ಬೇಸರದ ಹೊತ್ತಿನಲ್ಲಿ ಹಾಡಿನಂತೆ ಮೊಳಗುತ್ತಿತ್ತು. ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದಕ್ಕಾಗಿ ಕಾದು ನಗುವರು. ಪುರಾಣ ಕೇಳುವವರ ಲಕ್ಷಣವೂ ಇದೇ ಅಲ್ಲವೆ? ನಾಟಕವೊಂದು ತನ್ನ ಪರದೆ, ದೀಪ, ಬಣ್ಣ, ವೇಷ ಎಲ್ಲವನ್ನೂ ಕಳಚಿಟ್ಟು ಬರಿಯ ದನಿಯಾಗಿ ಊರೂರು ತಿರುಗಿತು. ಇದು ಸಾವಲ್ಲ, ಪರಕಾಯ ಪ್ರವೇಶ.

ಇದೇನೂ ಮೊದಲ ಸಲ ನಡೆದುದಲ್ಲ. ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ ರಂಗಭೂಮಿಯ ಹಿನ್ನೆಲೆಯಿಂದ ಬಂದವರು. ಗ್ರಾಮೋಫೋನು ತಟ್ಟೆ ಅವರ ಕಂಠವನ್ನು ಮುಂಬಯಿಗೆ ಒಯ್ದಿತು. 1943ರ 'ಕಿಸ್ಮತ್' ಚಿತ್ರ ಅದನ್ನು ದೇಶಕ್ಕೆಲ್ಲ ಹರಡಿತು. ಅವರ ಹೆಸರು ಹೊತ್ತ 'ಅಮೀರ್ ಟಾಕೀಜ್' ಎದ್ದದ್ದು ಮುಂಬಯಿಯಲ್ಲಲ್ಲ, ವಿಜಾಪುರದಲ್ಲಿ. ತಟ್ಟೆ ಬಂದಾಗಲೂ ನಾಟಕ ಸತ್ತಿತೆಂದವರಿದ್ದರು, ಟಾಕಿ ಬಂದಾಗಲೂ ಇದ್ದರು. ಅವರಾರೂ ಪೂರ್ತಿ ಸುಳ್ಳಾಡಿದವರಲ್ಲ. ಕಂಪನಿಗಳು ಮುಚ್ಚಿದ್ದು ನಿಜ, ನಟರು ಬೀದಿಗೆ ಬಿದ್ದದ್ದು ನಿಜ. ಆದರೆ ಪ್ರತಿ ಸಲವೂ ಸತ್ತದ್ದು ನಾಟಕದ ಗಳಿಕೆ. ಬದುಕಿ ಉಳಿದದ್ದು ನಾಟಕದ ದನಿ. ಕ್ಯಾಸೆಟ್ಟಿನ ಮಾತು ತೆಗೆದರೂ ಅಷ್ಟೆ. ಒಂದು ಟೇಪಿನಿಂದ ಹತ್ತು ಟೇಪು ಇಳಿಸಿಕೊಳ್ಳುವದು ಯಾರ ಕೈಯಲ್ಲಾದರೂ ಆಗುವ ಕೆಲಸವಾಗಿತ್ತು. ಇಳಿಸಿಕೊಂಡವರು ಯಾರೂ ತಾಳಿಕೋಟೆಗೆ ಹಣ ಕಳಿಸಲಿಲ್ಲ. ಯಂತ್ರದ ಮೇಲೆ ದೂರು ಹೇಳುವದಾದರೆ ಇದನ್ನು ಹೇಳಬೇಕು. ಕಟ್ಟೆಯ ಮೇಲೆ ಇದನ್ನು ಮಾತ್ರ ಯಾರೂ ಎತ್ತುವದಿಲ್ಲ. ಬಹುಶಃ ನಮ್ಮೆಲ್ಲರ ಮನೆಯಲ್ಲೂ ಆ ಇಳಿಸಿಕೊಂಡ ಟೇಪು ಒಂದೊಂದು ಇದ್ದುದರಿಂದ ಇರಬೇಕು.

ಯಂತ್ರದ ಮಾತಿಗೆ ಇನ್ನೊಂದು ಉದಾಹರಣೆಯನ್ನು ಇಂಡಿಯ ಕಡೆಯಿಂದ ಕೊಡಬೇಕು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಅದುವರೆಗೆ ಪಟ್ಟಣದ ಪಂಡಿತರು ಕಿವಿಗೊಡದಿದ್ದ ಮಾತು ಮುದ್ರಣವಾದೊಡನೆ ಸಾಹಿತ್ಯವಾಯಿತು, ವಿಶ್ವವಿದ್ಯಾಲಯಗಳಲ್ಲಿ ಪಾಠವಾಯಿತು. ಅಚ್ಚುಮೊಳೆಯೂ ಒಂದು ಯಂತ್ರವೇ. ಅದೇ ನೆಲದ, ಅದೇ ಕನ್ನಡದ ಮಾತು ಅರವತ್ತು ವರ್ಷಗಳ ಮೇಲೆ ಟೇಪಿನ ಸುರುಳಿಗೆ ಏರಿದಾಗ ಅದು 'ಕಂಪನಿ ಗದ್ದಲ'ವಾಯಿತು. ಹಾಡಿನಲ್ಲಿ ತವರಿನ ಕಣ್ಣೀರಿತ್ತು, ನಾಟಕದಲ್ಲಿ ಕುಡುಕನ ಕೇಕೆಯಿತ್ತು, ಎರಡೂ ಒಂದೇ ತೂಕದವಲ್ಲ ಎನ್ನುವಿರಾದರೆ ನಾನೂ ಒಪ್ಪುತ್ತೇನೆ. ಆದರೆ ತೂಗುವ ಮೊದಲೇ ಪಾತ್ರೆ ನೋಡಿ ಬೆಲೆ ಕಟ್ಟುವ ಚಾಳಿ ನಮ್ಮ ಸುಶಿಕ್ಷಿತರಲ್ಲಿ ಇಲ್ಲದಿಲ್ಲ.

ತೂಗಿ ನೋಡೋಣ. ಕ್ಯಾಸೆಟ್ಟಿನ ಬಲ ಕಥೆಯಲ್ಲಿಲ್ಲ. ಕಥೆ ಕಂಪನಿ ನಾಟಕದ ಎಂದಿನ ಗೂಟಕ್ಕೇ ಕಟ್ಟಿದ್ದು. ಬಲವಿರುವದು ಮಾತಿನ ನಡೆಯಲ್ಲಿ. ನಮ್ಮ ಕಡೆಯ ಕ್ರಿಯಾಪದಗಳನ್ನು ಗಮನಿಸಿರಿ. 'ಬಂದಿದ್ದಾನೆ' ಎಂಬಲ್ಲಿ ನಾವು 'ಬಂದಾನ' ಎನ್ನುತ್ತೇವೆ; 'ಹೇಳಿದ್ದೇನೆ' ಎಂಬಲ್ಲಿ 'ಹೇಳೀನಿ' ಎನ್ನುತ್ತೇವೆ. ವಾಕ್ಯದ ಬಾಲ ಗಿಡ್ಡಾಗುತ್ತದೆ. ನಗೆಮಾತಿಗೆ ಇದು ಎಷ್ಟು ಅನುಕೂಲವೆಂಬದನ್ನು ರಂಗದ ಮೇಲೆ ನಿಂತವನೇ ಬಲ್ಲ. ಹೊಡೆಯುವ ಶಬ್ದ ಕೊನೆಗೆ ಬರುತ್ತದೆ. ಅದರ ಹಿಂದೆ ಜೋಲಾಡುವ ಅಕ್ಷರಗಳು ಉಳಿಯುವದಿಲ್ಲ. ನಗು ಕೂಡಲೇ ಸಿಡಿಯುತ್ತದೆ. ಇನ್ನು 'ರೀ' ಮತ್ತು 'ಲೇ'ಗಳ ನಡುವಿನ ದೂರ. ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಗೌಡನಿಗೆ 'ಹೌದ್ರಿ' ಎಂದು ಬಾಗಿ, ಪಕ್ಕಕ್ಕೆ ತಿರುಗಿ ಆಳಿಗೆ 'ಏನ್ಲೇ' ಎಂದು ಸೆಟೆಯುವದರಲ್ಲಿ ಒಂದು ಊರಿನ ಸಮಾಜಶಾಸ್ತ್ರವೇ ಅಡಗಿದೆ. ರಾಜು ತಾಳಿಕೋಟೆಯವರು ಈ ಎರಡು ಅಕ್ಷರಗಳನ್ನು ತಬಲಾದ ಎಡ-ಬಲಗಳಂತೆ ನುಡಿಸಬಲ್ಲವರಾಗಿದ್ದರು. ಕುಡುಕನ ನಾಲಗೆ ತೊದಲುತ್ತದೆ, ತಾಳ ತಪ್ಪುವದಿಲ್ಲ. ಹಾಸ್ಯದ ಪಾತ್ರ ನಾಯಕನನ್ನು ನುಂಗಿ ಬೆಳೆಯುವದು ನಮ್ಮ ವೃತ್ತಿ ರಂಗಭೂಮಿಯಲ್ಲಿ ಹಳೆಯ ಸಂಗತಿ. ಗುಬ್ಬಿ ವೀರಣ್ಣನವರ 'ಸದಾರಮೆ'ಯ ಕಳ್ಳನನ್ನು ನೆನೆಯುವವರು ಅದರ ನಾಯಕನನ್ನು ನೆನೆಯುವದು ಅಪರೂಪ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಕ್ಯಾಸೆಟ್ಟಿನ ಲೋಕದಲ್ಲಿ ಎಲ್ಲರೂ ಇದೇ ಕನ್ನಡ ಆಡುತ್ತಾರೆ. ಶ್ರೀಮಂತನೂ ಇದೇ, ಬಡವನೂ ಇದೇ, ಬುದ್ಧಿ ಹೇಳುವವನೂ ಇದೇ, ಕೆಟ್ಟವನೂ ಇದೇ. ಆದ್ದರಿಂದ ಭಾಷೆಯೇ ಅಲ್ಲಿ ನಗೆಯ ವಸ್ತುವಲ್ಲ; ನಗೆ ಹುಟ್ಟುವದು ಮನುಷ್ಯರ ನಡತೆಯಿಂದ. ಇದೇ ನಟ ಸಿನೇಮಾಕ್ಕೆ ಹೋದಾಗ ಏನಾಯಿತು? 2009ರ 'ಮನಸಾರೆ'ಯಲ್ಲಿ ಯೋಗರಾಜ ಭಟ್ಟರು ಅವರಿಗೆ ಒಳ್ಳೆಯ ಅವಕಾಶವನ್ನೇ ಕೊಟ್ಟರು. ಅವರು ಅದನ್ನು ಚೆನ್ನಾಗಿಯೇ ತುಂಬಿದರು. ರಾಜ್ಯವೆಲ್ಲ ಅವರನ್ನು ಗುರುತಿಸಿತು. ಆದರೆ ಅಲ್ಲಿ ಸುತ್ತಲಿನವರೆಲ್ಲ ಬೆಂಗಳೂರು-ಮೈಸೂರಿನ ಕನ್ನಡ ಆಡುತ್ತಿರುವಾಗ ಒಬ್ಬನ ಬಾಯಲ್ಲಿ ನಮ್ಮ ಮಾತು ಬಂದರೆ ಆ ಮಾತೇ ವೇಷವಾಗುತ್ತದೆ. ನಾಯಕ ಪ್ರೀತಿಸುವದು ಒಂದು ಕನ್ನಡದಲ್ಲಿ, ಜನ ನಗುವದು ಇನ್ನೊಂದು ಕನ್ನಡಕ್ಕೆ. ಆಮೇಲಿನ ಎಷ್ಟೋ ಚಿತ್ರಗಳಲ್ಲಿ ಇದು ಒಂದು ಕಟ್ಟಳೆಯೇ ಆಗಿಹೋಯಿತು.

ಹಳೆಯ ಕಾಲದಲ್ಲಿ ಇದು ಬೇರೆ ರೀತಿಯಾಗಿ ನಡೆಯುತ್ತಿತ್ತು. ಹುನಗುಂದ ತಾಲೂಕಿನವರಾದ ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಮ್ಮ ಭಾಗದ ಕಂಪನಿಗಳನ್ನು ಸಾಕಿದ ನಾಟಕ. 1974ರಲ್ಲಿ ಅದು ರಾಜಕುಮಾರರ ಚಿತ್ರವಾಯಿತು, ಅಪಾರ ಜನಪ್ರಿಯವೂ ಆಯಿತು. ಕಥೆ ದಕ್ಷಿಣಕ್ಕೆ ಹೋಯಿತು; ಮಾತು ಮಾತ್ರ ತುಂಗಭದ್ರೆಯ ಈಚೆಗೇ ಉಳಿಯಿತು. ಅಂದು ಅದಕ್ಕೆ ಯಾರೂ ಕೊರಗಲಿಲ್ಲ. ಏಕೀಕರಣದ ಉತ್ಸಾಹ ಇನ್ನೂ ಆರಿರಲಿಲ್ಲ; ಎಲ್ಲರಿಗೂ ಒಂದು ಸಾಮಾನ್ಯ ಕನ್ನಡ ಬೇಕಿತ್ತು, ರಾಜಕುಮಾರರ ಕನ್ನಡ ಸುಂದರವಾಗಿಯೂ ಇತ್ತು. ಆದರೆ ಈಗಿನ ಕಾಲವೇ ಬೇರೆ. 'ತಿಥಿ' ಮಂಡ್ಯದ ಹಳ್ಳಿಯ ಮಾತನ್ನು ಹಾಗೆಯೇ ಇಟ್ಟು ಹೊರದೇಶಗಳಲ್ಲಿ ಪ್ರಶಸ್ತಿ ತಂದಿತು. 2022ರ 'ಕಾಂತಾರ' ಕರಾವಳಿಯ ಕನ್ನಡದಲ್ಲಿ ನಾಯಕನನ್ನು ಕುಣಿಸಿ, ಸಿಟ್ಟಿಗೆಬ್ಬಿಸಿ, ದೈವವನ್ನೇ ಮೈಮೇಲೆ ತರಿಸಿತು. ಸಿಂದಗಿಯ ಪ್ರೇಕ್ಷಕ ಅರ್ಥವಾಗದ ನಾಲ್ಕು ಶಬ್ದಗಳಿಗಾಗಿ ಎದ್ದು ಹೋಗಲಿಲ್ಲ. ಅಂದಮೇಲೆ ನಮ್ಮ ಕನ್ನಡದ ನಾಯಕನನ್ನು ಕುಂದಾಪುರದವನೂ ಸಹಿಸಿಯಾನು.

ಇದು ಬರಿಯ ಸಿನೇಮಾದ ಪ್ರಶ್ನೆಯೆಂದು ನನಗೆ ತೋರುವದಿಲ್ಲ. ಬಾಗೇವಾಡಿ ಕಡೆಯ, ನಮ್ಮ ಬಳಗದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ನೌಕರಿಗೆ ಇದ್ದಾಳೆ. ಒಮ್ಮೆ ಫೋನಿನಲ್ಲಿ ಅವಳು ಪೂರ್ತಿ ಬೇರೆಯೇ ಕನ್ನಡ ಆಡತೊಡಗಿದಳು. ಯಾಕವ್ವ, ಊರ ಮಾತು ಮರೆತೆಯಾ ಎಂದೆ. "ಮರತಿಲ್ಲ ಮಾಮಾ, ಬಾಜೂಕ ಮಂದಿ ಅದಾರ. ನಾ ನಮ್ಮಂಗ ಬಾಯಿ ತೆಗದ್ರ ಸಾಕು, ಸಿನಿಮಾದಾಗ ಮಾತಾಡಿದಂಗ ಮಾತಾಡತಿ ಅಂತ ನಗತಾರ" ಎಂದಳು. ನಗುವವರು ಕೆಟ್ಟವರಲ್ಲ. ಅವರು ಕೇಳಿದ ಉತ್ತರ ಕರ್ನಾಟಕವೆಲ್ಲ ಹಾಸ್ಯದ ಸೀನುಗಳಲ್ಲಿ ಮಾತ್ರ ಬಂದದ್ದು. ಅವರು ಇನ್ನೇನು ಮಾಡಿಯಾರು? ಇತ್ತೀಚೆಗೆ ಇನ್ನೊಂದು ತೊಡಕೂ ಸೇರಿದೆ. ಡಬ್ಬಿಂಗಿಗೆ ಒಡ್ಡಿದ್ದ ಅಡ್ಡಿಯನ್ನು ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದು ಹೇಳಿದ ಮೇಲೆ ತೆಲುಗು-ತಮಿಳು ಚಿತ್ರಗಳು ಕನ್ನಡ ಆಡತೊಡಗಿವೆ. ನಾನು ಡಬ್ಬಿಂಗಿನ ವೈರಿಯಲ್ಲ. ಕನ್ನಡವೊಂದೇ ಬಲ್ಲ ಮುದುಕಿಗೆ ಬೇರೆ ದೇಶದ ಕಥೆ ಕನ್ನಡದಲ್ಲಿ ದೊರೆಯುವದು ಒಳ್ಳೆಯದೇ. ಆದರೆ ಆ ಕನ್ನಡ ಯಾವ ಜಿಲ್ಲೆಯದು ಎಂದು ಕೇಳಿದರೆ ಉತ್ತರವಿಲ್ಲ. ಅದು ಸ್ಟುಡಿಯೋ ಜಿಲ್ಲೆಯದು.

ಎರಡನೆಯ ತೀರ್ಪು, ಸರಕಾರದ್ದು. ಇದರಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸರಕಾರ ಸಿನೇಮಾ ಟಿಕೇಟಿಗೆ 200 ರೂಪಾಯಿಗಳ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಪಟ್ಟಣದ ಪತ್ರಿಕೆಗಳಲ್ಲಿ ಇದರ ಮೇಲೆ ಅಂಕಣಗಳು ಹರಿದವು. ಇಂಡಿ, ಮುದ್ದೇಬಿಹಾಳಗಳಲ್ಲಿಯೂ ಜನ ಗಂಭೀರವಾಗಿ ಚರ್ಚಿಸಿದರು. ಅಲ್ಲಿಯವರು ಸಿನೇಮಾಕ್ಕೆ 200 ರೂಪಾಯಿ ಎಂದು ಕೊಟ್ಟಿದ್ದರು? ಮಾಲುಗಳ ಜಗಳವನ್ನು ನಾವು ನಮ್ಮ ಜಗಳವೆಂದು ತಲೆಗೆ ಹಚ್ಚಿಕೊಳ್ಳುವದು ಈಗಿನ ಸುದ್ದಿಯ ಮಹಿಮೆ. ನಮ್ಮ ಪ್ರಶ್ನೆ ಇಷ್ಟು ದೊಡ್ಡದಲ್ಲ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಅವರು ದೂರದ ಊರುಗಳಿಂದಲೂ ಹೋಗಬಲ್ಲರು, ಅಲ್ಲಿ ಸಾಲಾಗಿ ತಂಬು ಹೊಡೆದ ಕಂಪನಿಗಳೂ ಇರುತ್ತವೆ. ಆದರೆ ರಾತ್ರಿಯ ಆಟ ಬಿಡುವ ಹೊತ್ತಿಗೆ ಹಳ್ಳಿಗೆ ಹೋಗುವ ಬಸ್ಸು ಉಳಿದಿರುವದಿಲ್ಲ. ಜಾತ್ರೆಯ ದಿನಗಳಲ್ಲಿ ನಾಟಕ ಬಿಟ್ಟ ಮೇಲೆ ಒಂದು ಬಸ್ಸು ಹೊರಡಿಸಿದರೆ ಆಗುವ ರಂಗಸೇವೆ ಹತ್ತು ವಿಚಾರ ಸಂಕಿರಣಗಳಿಂದ ಆಗಲಾರದು. ರೈಲಿನ ಮಾತಂತೂ ಬೇಡ. ಇಂಡಿಗೂ ಬಾಗೇವಾಡಿಗೂ ಇರುವದು 'ರೋಡ್' ಎಂಬ ಬಾಲ ಹಚ್ಚಿದ ನಿಲ್ದಾಣಗಳು, ಎಂದರೆ ಊರು ಇನ್ನೂ ದೂರವಿದೆ ಎಂದು ಅರ್ಥ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಬಾಲವೂ ಇಲ್ಲ.

ಸರಕಾರ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮಾತ್ರ ಹೇಳಬೇಕು. ರಂಗಾಯಣವೆಂಬದು 1989ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ಕೈಯಲ್ಲಿ ಹುಟ್ಟಿದ ಸಂಸ್ಥೆ. ಆಧುನಿಕ ರಂಗಭೂಮಿಯ ಶಿಸ್ತಿನದು. ಅದರ ಧಾರವಾಡದ ಶಾಖೆಗೆ ತಂಬುವಿನಲ್ಲಿ ಬೆಳೆದ ಒಬ್ಬ ಕಂಪನಿಯ ನಟನನ್ನು ನಿರ್ದೇಶಕನನ್ನಾಗಿ ತಂದಾಗ ಕೆಲವರು ಮೂಗು ಮುರಿದದ್ದನ್ನು ನಾನು ಕೇಳಿದ್ದೇನೆ. ಕಾರಂತರೇ ಬಾಲ್ಯದಲ್ಲಿ ಗುಬ್ಬಿ ಕಂಪನಿಗೆ ಓಡಿಹೋಗಿ ಸೇರಿದ್ದವರೆಂಬದನ್ನು ಆ ಮೂಗುಗಳು ಮರೆತಿದ್ದವು. ಒಂದೂವರೆ ವರ್ಷವೂ ತುಂಬದೆ ಆ ಕೆಲಸ ನಿಂತುಹೋಯಿತು. ತಂಬುವಿನ ಕಸುಬನ್ನು ಶಾಲೆಯ ಹುಡುಗರಿಗೆ ಕಲಿಸಿದ್ದರೆ ಏನಾಗುತ್ತಿತ್ತೋ ನೋಡುವ ಆಸೆ ನನಗಿತ್ತು.

ಇನ್ನು ಮೂರನೆಯ ತೀರ್ಪು. ಇದರಲ್ಲಿ ತಿರುಳಿದೆ, ಕಂಪನಿ ನಾಟಕದ ಅಭಿಮಾನಿಗಳು ಇದನ್ನು ಜಾರಿಸಿಬಿಡಬಾರದು. ದ್ವಂದ್ವಾರ್ಥ ಬೆಳೆಯುತ್ತ ಬೆಳೆಯುತ್ತ ಎಷ್ಟೋ ನಾಟಕಗಳಲ್ಲಿ ಈಗ ಒಂದೇ ಅರ್ಥ ಉಳಿದಿದೆ. ಹೆಸರಿನಿಂದ ಹಿಡಿದು ಪೋಸ್ಟರಿನವರೆಗೆ ಎಲ್ಲ ಅದಕ್ಕೆ ಮೀಸಲು. ನನ್ನ ಆಕ್ಷೇಪ ಮಡಿವಂತಿಕೆಯದಲ್ಲ. ಹಂತಿಯ ಪದಗಳಲ್ಲಿ, ಹೋಳಿಯ ಹಾಡುಗಳಲ್ಲಿ ಇದಕ್ಕಿಂತ ಬಿಚ್ಚು ಮಾತಿದೆ. ಅದು ಯಾರನ್ನೂ ಕೆಡಿಸಿಲ್ಲ. ಆಕ್ಷೇಪವಿರುವದು ನಗೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ. ಕಂಪನಿ ನಾಟಕದ ಕುಡುಕ ಎರಡು ಮುಖದವನು. ಒಂದು ಮುಖದಿಂದ ಅವನು ಸಾಹುಕಾರನಿಗೆ, ಪುಢಾರಿಗೆ, ಸೋಗಿನ ಸಜ್ಜನನಿಗೆ ಯಾರೂ ಹೇಳಲಾರದ್ದನ್ನು ಹೇಳುತ್ತಾನೆ. ಅಮಲಿನವನ ಮಾತೆಂದು ಬಚಾವಾಗುತ್ತಾನೆ. ಈ ಮುಖ ನಾಟಕಕಲೆಗೆ ದೊಡ್ಡ ಆಸ್ತಿ. ಇನ್ನೊಂದು ಮುಖ ಹೆಂಡತಿಯ ಕಡೆಗೆ. ಅವಳ ಬೈಗುಳವೂ ನಗೆ, ಅವಳ ಅಳುವೂ ನಗೆ. ಸಾರಾಯಿ ಪಾಕೀಟಿನ ಕಾಲದಲ್ಲಿ ನಮ್ಮ ನಾಲ್ಕು ತಾಲೂಕುಗಳ ಎಷ್ಟು ಮನೆಗಳಲ್ಲಿ ಜೋಳದ ಚೀಲ ಅಂಗಡಿಗೆ ಹೋಯಿತು, ಎಷ್ಟು ಕೊರಳಿನ ಗುಂಡು ಒತ್ತೆಬಿದ್ದವು ಎಂಬದನ್ನು ಆ ತಂಬುವಿನಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತವರು ಬಲ್ಲರು. 2007ರ ಜುಲೈಯಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಆ ಸಾಲಿನಿಂದಲೂ ನಗು ಕೇಳಿಬರುತ್ತಿತ್ತು ಎಂಬದು ನಿಜ. ಅವರು ಮೊದಲನೆಯ ಮುಖಕ್ಕೆ ನಕ್ಕರೋ ಎರಡನೆಯದಕ್ಕೋ ಎಂದು ಯಾವ ನಾಟಕಕಾರನೂ ವಿಚಾರಿಸಲಿಲ್ಲ. ರಾಜು ತಾಳಿಕೋಟೆಯವರ ನಟನೆಯ ಶ್ರೇಷ್ಠ ಗಳಿಗೆಗಳು ಮೊದಲನೆಯ ಮುಖದವು. ಅವರನ್ನು ನಕಲು ಮಾಡಿದವರು ಎರಡನೆಯದನ್ನೇ ಹಿಡಿದರು, ಏಕೆಂದರೆ ಅದು ಸುಲಭ. ಈಗ ಮೊಬೈಲಿನಲ್ಲಿ 'ಉತ್ತರ ಕರ್ನಾಟಕ ಕಾಮಿಡಿ' ಎಂಬ ಹೆಸರಿನಲ್ಲಿ ಎರಡೆರಡು ನಿಮಿಷದ ತುಣುಕುಗಳು ಸುರಿಯುತ್ತಿವೆ. ಅವುಗಳಲ್ಲಿ ಗಂಡ ಕುಡಿದು ಬರುತ್ತಾನೆ, ಹೆಂಡತಿ ಕಸಬರಿಗೆ ಎತ್ತುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಸಾಹುಕಾರ ಅವುಗಳಲ್ಲಿ ಬರುವದೇ ಇಲ್ಲ. ಸಿನೇಮಾದವರು ನಮ್ಮ ಭಾಷೆಯನ್ನು ಕೋಡಂಗಿ ಮಾಡಿದರೆಂದು ಬೇಸರಪಡುವ ನಾವು ನಮ್ಮ ಕೈಯಲ್ಲೇ ಕ್ಯಾಮರಾ ಬಂದಾಗ ಅದನ್ನೇ ಮಾಡುತ್ತಿರುವದನ್ನೂ ನೋಡಬೇಕು.

ಹಳ್ಳಿಯ ಪ್ರೇಕ್ಷಕನಿಗೆ ಇಂಥದೇ ಬೇಕು ಎನ್ನುವ ಸಮರ್ಥನೆ ಕಂಪನಿಯವರದು. ಅದಕ್ಕೆ ಉತ್ತರ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ನಮ್ಮ ಹಳ್ಳಿಗಳಲ್ಲಿ ಅವರ ನಾಟಕವೇ ಇದೆ. ಜಾತ್ರೆ ಬಂತೆಂದರೆ ರೈತರು, ಹಮಾಲರು, ಬಡಿಗೇರರು ತಿಂಗಳುಗಟ್ಟಲೆ ತಾಲೀಮು ಮಾಡಿ, ಮಾರುದ್ದದ ಸಮಾಸಗಳನ್ನು ಒಂದೂ ಅಕ್ಷರ ಬಿಡದೆ ಬೆಳತನಕ ಹೇಳುತ್ತಾರೆ. ಶಕುನಿಯ ಒಂದು ಸ್ವಗತವನ್ನು ಪಟ್ಟಣದ ಪದವೀಧರನಿಗೆ ಕೊಟ್ಟು ಓದಿಸಿ ನೋಡಿರಿ, ಅವನು ನಡುವೆ ಉಸಿರುಗಟ್ಟುತ್ತಾನೆ. ಅದೇ ಜನ 'ಕಲಿಯುಗದ ಕುಡುಕ'ನಿಗೂ ಕಿವಿಯಾದವರು. ಅವರಿಗೆ ಎರಡೂ ಬೇಕು, ಎರಡನ್ನೂ ಅವರು ಗೊಂದಲವಿಲ್ಲದೆ ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ. ಅವರ ಹೆಸರು ಹೇಳಿ ಕಳಪೆಯದನ್ನು ಮಾರುವದು ಅನ್ಯಾಯ.

'ರಕ್ತರಾತ್ರಿ'ಗಾದರೂ ಅಚ್ಚಿನ ಪುಸ್ತಕವಿದೆ. ಜಾತ್ರೆಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಕಂಪನಿಗಳ ಸಾಮಾಜಿಕ ನಾಟಕಗಳು ಬಹುಪಾಲು ಉಳಿದಿರುವದು ಕೈಬರಹದ ವಹಿಗಳಲ್ಲಿ ಮತ್ತು ನಟರ ನೆನಪಿನಲ್ಲಿ. ಆಯಾ ರಾತ್ರಿ ಪ್ರೇಕ್ಷಕರನ್ನು ನೋಡಿ ಸೇರಿಸಿದ ಮಾತು ಆ ವಹಿಗಳಲ್ಲಿಯೂ ಇಲ್ಲ, ಟೇಪಿನಲ್ಲಿದೆ. ಟೇಪಿನ ಸುರುಳಿ ಬೂಷ್ಟು ಹಿಡಿದು ಅಂಟಿಕೊಳ್ಳುವ ವಸ್ತು. ಈಗ ಮೊಬೈಲಿನಲ್ಲಿ ಕೇಳಸಿಗುವದು ಅದರಿಂದ ಯಾರೋ ಇಳಿಸಿದ ಪ್ರತಿ. ನಡುನಡುವೆ ಮಾತು ಹಾರಿದೆ, ಒಂದು ಕಡೆಯಂತೂ ಬೇರಾವುದೋ ಮದುವೆಯ ವಾಲಗ ಸೇರಿಕೊಂಡಿದೆ. ನಾಯಕ ಹಾಸ್ಯನಟನ ಹೆಸರನ್ನು ದೊಡ್ಡದಾಗಿ ಬರೆದಿದ್ದಾರೆ. ಅವನ ಪ್ರತಿಯೊಂದು ಮಾತಿಗೂ ಸರಿಯಾದ ಗಳಿಗೆಯಲ್ಲಿ ಎದುರುತ್ತರ ಕೊಟ್ಟು ಆ ನಗೆಯನ್ನು ಎತ್ತಿ ನಿಲ್ಲಿಸಿದ ಹೆಣ್ಣು ದನಿ ಯಾರದು ಎಂಬದನ್ನು ನಾನು ಕೇಳಿದ ಯಾವ ಪ್ರತಿಯಲ್ಲೂ ಬರೆದಿಲ್ಲ. ಧಾರವಾಡದ ರಂಗಾಯಣವಾಗಲಿ ವಿಶ್ವವಿದ್ಯಾಲಯವಾಗಲಿ ಒಬ್ಬ ಹುಡುಗನನ್ನು ಟೇಪು ಕೇಳುವ ಯಂತ್ರದೊಡನೆ ತಾಳಿಕೋಟೆಗೆ ಕಳಿಸಬೇಕು. ಅವಳೊಡನೆ ಪಾತ್ರ ಮಾಡಿದ ಹಳಬರು ಇನ್ನೂ ಇರುವಾಗಲೇ ಕಳಿಸಬೇಕು.